ಸಡಿಲ ಬಿಟ್ಟ ನಟ್ಟು

"ಯಜಮಾನ್ರು ಬರ್ಲಿಲ್ವೇನ್ರಿ?" ಎಂದು ಕೇಳಿದ್ದೇ ಚಿತ್ರಲಿಂಗಪ್ಪ ಮಾಡಿದ ಮೊದಲ ತಪ್ಪು.

ಹೊಸದುರ್ಗದ ಸಂತೆ ಬೀದಿಯಲ್ಲಿದ್ದ ಅವನ ಸೈಕಲ್ ಅಂಗಡಿಗೆ ಅವತ್ತಿನವರೆಗೆ ಹೆಂಗಸರ್ಯಾರೂ ಸೈಕಲ್ ತಂದಿರಲಿಲ್ಲ. ಈಕೆ ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಡುವೆ ಅಡ್ಡಕಂಬಿ ಇಲ್ಲದ ವಿಲಾಯಿತಿ ಸೈಕಲ್ಲನ್ನು ತಳ್ಳಿಕೊಂಡು ಬಂದು ನಿಂತಿದ್ದಳು. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಒಂದೇ ಒಂದು ಬೆವರ ಹನಿ.

"ಯಜಮಾನ್ರು ತೀರ್ಕೊಂಡು ಆರು ವರ್ಷ ಆತು. ಸೈಕಲ್ ನಂದು. ಗಂಡಸರು ತಂದ್ರೇನೇ ರಿಪೇರಿ ಅನ್ನೋದಾದ್ರೆ ಈಗ್ಲೇ ಹೇಳಿಬಿಡ್ರಿ."

ಅವನ ಕೈಯಲ್ಲಿದ್ದ ಟ್ಯೂಬು ನೀರಿನ ಬೋಗುಣಿಗೆ ಜಾರಿತು. "ತಪ್ಪಾತು ಅಮ್ಮಾರೆ. ಬರ್ರಿ, ನೆಳ್ಳಿಗೆ ಕುಂತ್ಕಳ್ರಿ," ಎಂದು ತನ್ನ ಟವೆಲ್ಲಿನಿಂದಲೇ ಸ್ಟೂಲು ಒರೆಸಿದ.

ಅವಳು ಸರ್ವಮಂಗಳ. ಹೊಳಲ್ಕೆರೆಯವಳು. ಮಹಾರಾಜರ ಸರ್ಕಾರದ ಆಸ್ಪತ್ರೆಗೆ ಹೊಸದಾಗಿ ಬಂದ ಹೆರಿಗೆ ನರ್ಸಮ್ಮ. ತನಗೆ ಕೆಲಸ ಕಲಿಸಿದ ಬಿಳಿಯ ಡಾಕ್ಟರಮ್ಮ ಊರಿಗೆ ಮರಳುವಾಗ ಕೊಟ್ಟುಹೋದ ಸೈಕಲ್ ಅದು. ಚಿತ್ರದುರ್ಗದ ಸೈಕಲ್ ಅಂಗಡಿಯವನು ಇವಳನ್ನು ಬಿಸಿಲಲ್ಲಿ ನಿಲ್ಲಿಸಿ, ಹಿಂದಿನಿಂದ ಬಂದ ಗಂಡಸರ ಕೆಲಸವನ್ನೆಲ್ಲ ಮುಗಿಸಿ, ಕೊನೆಗೆ ಹೊಸ ಟ್ಯೂಬಿನ ಜಾಗಕ್ಕೆ ತೇಪೆ ಹಾಕಿದ ಹಳೆಯದನ್ನು ತುರುಕಿದ್ದನಂತೆ. ಕೇಳಿದ್ದಕ್ಕೆ, "ನಿಂಗ್ಯಾಕವ್ವ ಈ ಸವಾರಿ, ಮನೇಲಿ ರೊಟ್ಟಿ ತಟ್ಟು" ಎಂದು ನಕ್ಕಿದ್ದನಂತೆ.

ಹೇಳುವಾಗ ಅವಳ ದನಿ ನಡುಗಲಿಲ್ಲ. ಬೆರಳುಗಳು ಮಾತ್ರ ಸೆರಗಿನ ಅಂಚನ್ನು ಸುತ್ತುತ್ತಿದ್ದವು. ಚಿತ್ರಲಿಂಗಪ್ಪ ಅದನ್ನು ನೋಡಿದ.

ಬಿಚ್ಚಿದ ಒಂದೊಂದು ಸಾಮಾನನ್ನೂ ಅವಳ ಎದುರಿಗೇ ಬಟ್ಟೆಯ ಮೇಲೆ ಜೋಡಿಸಿದ. ಟ್ಯೂಬು ಬದಲಿಸಿದ. ಸೀಟನ್ನು ಎರಡು ಬೆರಳಿನಷ್ಟು ಇಳಿಸಿದ. ಆಮೇಲೆ ಹಿಂದಿನ ಚಕ್ರದ ಎರಡೂ ಬದಿಗೆ ಗಟ್ಟಿ ದಾರವನ್ನು ಬಲೆಯ ಹಾಗೆ ಹೆಣೆದ.

"ಇದನ್ನ ನಾನು ಕೇಳ್ಲಿಲ್ಲ," ಎಂದಳು.

"ನೀವು ಕೇಳೋವಷ್ಟ್ರಲ್ಲಿ ಸೀರೆ ಚಕ್ರಕ್ಕೆ ಸಿಕ್ಕಿರ್ತಿತ್ತು."

ಅವಳು ತಲೆಯೆತ್ತಿದಳು. ತುಟಿ ಅಲುಗಲಿಲ್ಲ, ಕಣ್ಣು ಮಾತ್ರ ನಕ್ಕಿತು. ಮೂವತ್ತು ದಾಟಿದರೂ ಮದುವೆಯ ಮಾತೆತ್ತದೆ ಕಬ್ಬಿಣದ ಜೊತೆಗೇ ಬದುಕಿದ್ದ ಚಿತ್ರಲಿಂಗಪ್ಪನಿಗೆ ಆ ದಿನ ಊಟ ಸೇರಲಿಲ್ಲ.

ಆಮೇಲೆ ಅವಳು ಗಾಳಿ ಹೊಡೆಸಲು ಬಂದಳು. ಚೈನಿಗೆ ಎಣ್ಣೆ ಹಾಕಿಸಲು ಬಂದಳು. ಒಂದು ದಿನ ಸುಮ್ಮನೆ ಬಂದು, "ಬೆಲ್ಲು ಯಾಕೋ ಸರಿ ಕೂಗ್ತಿಲ್ರಿ," ಎಂದಳು.

ಅವನು ಒತ್ತಿದ. ಬೀದಿಗೆಲ್ಲ ಕೇಳಿಸುವಂತೆ ಕೂಗಿತು. "ಚೆನ್ನಾಗೇ ಕೂಗ್ತೈತಲ್ರಿ?"

"ಇಲ್ಲಿಗೆ ಬಂದ್ರೆ ಮಾತ್ರ ಕೂಗ್ತೈತೆ," ಎಂದು ಅವಳು ಬೇರೆ ಕಡೆ ನೋಡಿದಳು. ಕಿವಿಯ ಹಿಂದೆ ಸಣ್ಣಗೆ ಕೆಂಪೇರಿದ್ದು ಅವನಿಗೆ ಕಂಡಿತು. ಹ್ಯಾಂಡಲ್ಲಿನ ಮೇಲೆ ಇಬ್ಬರ ಕೈಗಳ ನಡುವೆ ಒಂದು ಗೇಣು ಜಾಗವಿತ್ತು. ಯಾರೂ ದಾಟಲಿಲ್ಲ.

ಆಮೇಲೆ ಒಂದು ತಿಂಗಳು ಅವಳ ಸುಳಿವಿಲ್ಲ. ಹಳ್ಳಿಗಳಲ್ಲಿ ಹೆರಿಗೆ ಮೇಲೆ ಹೆರಿಗೆ. ಸೈಕಲ್ಲಿಗಂತೂ ಏನೂ ಆಗಿರಲಿಲ್ಲ. ಬೀದಿಯಲ್ಲಿ ಯಾವ ಬೆಲ್ಲು ಕೇಳಿದರೂ ಚಿತ್ರಲಿಂಗಪ್ಪ ಬಾಗಿಲಿಗೆ ಬರುತ್ತಿದ್ದ, ಪೋಸ್ಟಿನವನನ್ನು ಕಂಡು ಒಳಗೆ ಹೋಗುತ್ತಿದ್ದ. ಅಷ್ಟು ಚೊಕ್ಕವಾಗಿ ರಿಪೇರಿ ಮಾಡಿಟ್ಟ ತನ್ನ ಕೈಗಳ ಮೇಲೇ ಅವನಿಗೆ ಸಿಟ್ಟು ಬರುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಬಂದಳು. ಹಿಂದಿನ ಚಕ್ರ ಪಂಕ್ಚರ್. ಅವಸರವಿತ್ತು, ಕೂರಲೂ ಇಲ್ಲ. ಚಕ್ರ ಕೂಡಿಸಿ, ಮಡ್‌ಗಾರ್ಡಿನ ಕಡ್ಡಿಗೆ ನಟ್ಟು ಬಿಗಿಯುವಾಗ ಅವನ ಪಾನಾ ಅರ್ಧ ಸುತ್ತಿಗೇ ನಿಂತಿತು. ಗಡಗಡ ಅನ್ನಲಿ. ಎರಡು ದಿನಕ್ಕೆ ಮತ್ತೆ ಬರುತ್ತಾಳೆ. ಇದರಿಂದ ಯಾರಿಗೇನು ನಷ್ಟ?

"ಎಲ್ಲಾ ಸರಿ ಐತಲ್ರಿ?"

"ಐತ್ರಿ," ಎಂದ, ಮುಖ ನೋಡದೆ.

ಮೂರನೆಯ ದಿನ ಅವಳು ಬಂದಳು. ಬಲಗೈಗೆ ಪಟ್ಟಿ ಕಟ್ಟಿತ್ತು. ಎಡಗೈಯಲ್ಲಿ ಸೈಕಲ್ಲನ್ನು ಎಳೆದು ತಂದಿದ್ದಳು. ಮಡ್‌ಗಾರ್ಡಿನ ಕಡ್ಡಿ ಚಕ್ರದೊಳಗೆ ಹೊಕ್ಕು ಸೊಟ್ಟಗಾಗಿತ್ತು. ಅಂಗಡಿಯಲ್ಲಿದ್ದ ಬಟ್ಟೆ ವ್ಯಾಪಾರಿ ಈರಬಸಪ್ಪ ನಕ್ಕುಬಿಟ್ಟ. "ಏನಪ್ಪ, ನಿಂದೂ ದುರ್ಗದವನ ರಿಪೇರಿನೇ ಆತಾ?"

"ಹಂಗನ್ಬ್ಯಾಡ್ರಿ," ಸರ್ವಮಂಗಳ ತಟ್ಟನೆ ಹೇಳಿದಳು. "ಇವ್ರ ಕೆಲಸದಾಗೆ ತಪ್ಪಿರಲ್ಲ. ನಾನೇ ಕಲ್ಲಿಗೆ ಹೊಡ್ದಿರ್ಬೇಕು."

ಆಮೇಲೆ ನಡೆದದ್ದನ್ನು ಹೇಳಿದಳು. ಮತ್ತೋಡಿನ ಹತ್ತಿರದ ಕುರಿಗಾರರ ಹಟ್ಟಿಯಲ್ಲಿ ಮುದ್ದಕ್ಕ ಎಂಬವಳಿಗೆ ಚೊಚ್ಚಲ ಹೆರಿಗೆ. ಹಟ್ಟಿ ಇನ್ನೂ ಎರಡು ಮೈಲಿ ಇರುವಾಗ ಇವಳು ಬಿದ್ದಿದ್ದಳು. ನಡೆದು ಮುಟ್ಟುವಷ್ಟರಲ್ಲಿ ಮಗು ಹುಟ್ಟಿತ್ತು, ನೀಲಿಗಟ್ಟಿತ್ತು, ಅಳುತ್ತಿರಲಿಲ್ಲ. "ಒಂದೇ ಕೈಯಾಗೆ ಏನು ಮಾಡಿದ್ನೋ ಶಿವನಿಗೇ ಗೊತ್ತು. ಕೊನೆಗೆ ಅತ್ತಿತು. ಇನ್ನೊಂದು ಗಳಿಗೆ ತಡ ಆಗಿದ್ರೆ..." ಎಂದು ನಿಲ್ಲಿಸಿದಳು.

ಚಿತ್ರಲಿಂಗಪ್ಪ ಸೊಟ್ಟಗಾದ ಕಡ್ಡಿಯ ಮೇಲೆ ಕೈಯಿಟ್ಟ. "ತಪ್ಪು ನಂದೇ. ನಟ್ಟು ಬಿಗಿ ಮಾಡಿರ್ಲಿಲ್ಲ," ಎಂದ. ಈರಬಸಪ್ಪ ಇಬ್ಬರ ಮುಖವನ್ನೂ ನೋಡಿ ಮೆಲ್ಲಗೆ ಎದ್ದುಹೋದ.

"ಮರ್ತಿದ್ರಾ?" ಅವಳ ದನಿ ಇನ್ನೂ ಮೆತ್ತಗೇ ಇತ್ತು.

"ಇಲ್ಲ. ಬೇಕಂತ ಬಿಟ್ಟೆ."

"ಯಾಕೆ?"

"ನೀವು ತಿರುಗಿ ಬರ್ಲಿ ಅಂತ."

ಅವನು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತು ಹೊರಬಂದಿತ್ತು. ಆದರೆ ಹೀಗೆ ಬರಬಾರದಿತ್ತು.

"ದುರ್ಗದವ್ನು ನನ್ನ ಕೀಳಾಗಿ ಕಂಡ. ನೀವು ಹಂಗಲ್ಲ ಅನ್ಕಂಡಿದ್ದೆ," ಎಂದಳು. "ನಾನು ಯಾವ ಕೆಲಸಕ್ಕೆ ಹೋಗ್ತೀನಿ ಅಂತ ನೀವೂ ನೆನೆಸ್ಲಿಲ್ಲ."

ಮರುದಿನ ದುರ್ಗಕ್ಕೆ ಹೋಗುವ ಮೋಟಾರು ಬಸ್ಸಿನ ನೆತ್ತಿಯ ಮೇಲೆ ಅವಳ ಸೈಕಲ್ ಕಟ್ಟಿದ್ದನ್ನು ಅವನು ಅಂಗಡಿಯಿಂದಲೇ ನೋಡಿದ. ಅವಮಾನ ಮಾಡಿದವನ ಬಾಗಿಲಿಗೆ ಹೋಗುವುದು ಅವಳಿಗೆ ಇವನ ಬಾಗಿಲಿಗೆ ಬರುವುದಕ್ಕಿಂತ ವಾಸಿಯಾಗಿತ್ತು.

ಸೋಮವಾರ ಅಂಗಡಿಗೆ ರಜ. ಅವನು ಮತ್ತೋಡಿಗೆ ಹೊರಟ. ಸೈಕಲ್ ಮುಟ್ಟಲಿಲ್ಲ, ಇಡೀ ದಾರಿ ನಡೆದೇ ಹೋದ. ಹಟ್ಟಿಯ ಮುಂದೆ ಕೂತಿದ್ದ ಮುದ್ದಕ್ಕನ ಗಂಡ ಗೊಲ್ಲಪ್ಪನಿಗೆ, ನರ್ಸಮ್ಮನಿಗೆ ತಡವಾದದ್ದು ತನ್ನಿಂದ, ಅವರ ತಪ್ಪೇನೂ ಇಲ್ಲ ಎಂದು ಹೇಳಿದ. ಗೊಲ್ಲಪ್ಪ ದೊಣ್ಣೆ ಹಿಡಿದು ಎದ್ದೇಬಿಟ್ಟ.

"ಬಿಡು," ಒಳಗಿನಿಂದ ಮುದ್ದಕ್ಕನ ದನಿ ಬಂತು. "ನಡಕಂಡು ಬಂದು ಒಪ್ಕಂಡನಲ್ಲ. ಮಗೀನ ನೋಡ್ಲಿ."

ಕಂಬಳಿಯಲ್ಲಿ ಸುತ್ತಿದ ಮಗುವನ್ನು ಅವನ ಕೈಗೆ ಕೊಟ್ಟರು. ಅದು ಎಣ್ಣೆಗಪ್ಪು ಹತ್ತಿದ ಅವನ ಬೆರಳನ್ನು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಅವನಿಗೆ ಮನಸ್ಸೇ ಬರಲಿಲ್ಲ.

ದಿನಗಳು ಹೋದವು. ಸರ್ವಮಂಗಳ ಅಂಗಡಿಯ ಮುಂದೆಯೇ ಹಾದುಹೋಗುತ್ತಿದ್ದಳು, ಕತ್ತು ತಿರುಗಿಸದೆ. ಅವನು ಮಾತ್ರ ಚಕ್ರ ನೋಡುತ್ತಿದ್ದ, ನಟ್ಟು ನೋಡುತ್ತಿದ್ದ, ಕೊನೆಗೆ ಅವಳ ಬೆನ್ನು ಸಣ್ಣದಾಗುವುದನ್ನು ನೋಡುತ್ತಿದ್ದ. ಯಾರ ಸೈಕಲ್ ಬಂದರೂ ಎರಡೆರಡು ಸಲ ಬಿಗಿ ಮಾಡುತ್ತಿದ್ದ. ಅಂಗಡಿಗೆ ಜನ ಹೆಚ್ಚಾದರು. ಬೇಕಾದ ಒಬ್ಬಳು ಬರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಬಾಗಿಲಲ್ಲಿ ನೆರಳು ಬಿತ್ತು. ಅಡ್ಡಕಂಬಿ ಇಲ್ಲದ ಸೈಕಲ್ಲಿನ ನೆರಳು. ಅವನಿಗೆ ತಲೆಯೆತ್ತಲು ಧೈರ್ಯವಾಗಲಿಲ್ಲ.

"ಏನಾಗೈತ್ರಿ?"

"ನೀವೇ ನೋಡ್ರಿ."

ಮುಂದಿನ ಚಕ್ರ, ಹಿಂದಿನ ಚಕ್ರ, ಚೈನು, ಬ್ರೇಕು, ಮಡ್‌ಗಾರ್ಡು. ಹುಡುಕಿ ಹುಡುಕಿ ಸುಸ್ತಾದ. "ದುರ್ಗದವ್ನು ಚೆನ್ನಾಗಿ ಮಾಡ್ಯಾನೆ," ಎಂದ. ಹೇಳುವಾಗ ಎದೆಯಲ್ಲಿ ಸಣ್ಣ ಉರಿ.

"ಹೂಂ. ಅವನ ಹೆಂಡ್ತಿಗೆ ಹೆರಿಗೆ ಕಷ್ಟ ಆಗಿತ್ತಂತೆ. ನನ್ನ ಜತೆ ನರ್ಸ್ ಕೆಲಸ ಕಲ್ತ ಓಬಮ್ಮ ಉಳಿಸಿದ್ಳಂತೆ. ಈಗ ನಮ್ಮಂಥೋರು ಹೋದ್ರೆ ಕುರ್ಚಿ ಹಾಕ್ತಾನೆ, ಮಜ್ಜಿಗೆ ಕೊಡ್ತಾನೆ." ಅವಳು ನಗು ತಡೆದಳು. "ಆದ್ರೂ ಅಲ್ಲಿ ಕುಂತ್ರೆ ಹೊತ್ತೇ ಹೋಗಲ್ಲ."

ಅವನು ಪಾನಾ ಕೆಳಗಿಟ್ಟ. "ಸೈಕಲ್‌ಗೆ ಏನೂ ಆಗಿಲ್ರಿ."

"ಗೊತ್ತು."

"ಮತ್ತೆ ಯಾಕ್ ಬಂದ್ರಿ?"

"ಏನೂ ಆಗದೆ ಬರ್ಬಾರ್ದಾ?" ಈಗ ಅವಳು ಅವನನ್ನೇ ನೋಡುತ್ತಿದ್ದಳು, ಸೆರಗು ಸುತ್ತದೆ, ಮುಖ ತಿರುಗಿಸದೆ. "ಮಗೀನ ನೋಡಕ್ಕೆ ಹಟ್ಟಿಗೆ ಹೋಗಿದ್ದೆ. ಮುದ್ದಕ್ಕ ಎಲ್ಲಾ ಹೇಳಿದ್ಳು. ಇನ್ನೊಬ್ರು ಆಗಿದ್ರೆ ತಪ್ಪನ್ನ ದಾರಿಯ ಕಲ್ಲಿನ ಮ್ಯಾಲೆ ಹಾಕಿ ಸುಮ್ನಾಗ್ತಿದ್ರು. ಕಲ್ಲಿಗೆ ಹೊಡ್ದಿರ್ಬೇಕು ಅಂತ ನಾನೇ ಹೇಳಿದ್ನಲ್ಲ."

"ನಿಮ್ಮತ್ರ ಇನ್ನೊಂದು ಸುಳ್ಳು ಹೇಳಕ್ಕೆ ಆಗ್ಲಿಲ್ಲ," ಎಂದ.

ಅವಳು ಹ್ಯಾಂಡಲ್ಲನ್ನು ಸವರಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಹೊಳಲ್ಕೆರೆಯಾಗೆ ನಮ್ಮವ್ವ ಅದಾಳೆ. ನನಗೆ ಸೀರುಡಿಕೆ ಮಾಡಿ ಇನ್ನೊಂದು ಮದುವೆ ಮಾಡ್ಕಣಾಕೆ ಅಂತ ಮೂರು ಕಡೆಯಿಂದ ಬಂದಿದ್ರು. ಮೂರಕ್ಕೂ ನಾನೇ ಬ್ಯಾಡ ಅಂದೆ. ಎಲ್ರೂ ಕೆಲಸ ಬಿಡು ಅನ್ನೋರೇ," ಎಂದಳು.

"ಕೆಲಸ ಬಿಡಬ್ಯಾಡ್ರಿ," ಚಿತ್ರಲಿಂಗಪ್ಪ ಎದ್ದು ನಿಂತ. "ನೀವು ಎಷ್ಟು ಹೊತ್ತಿಗೆ ಹೊರಟ್ರೂ ಸೈಕಲ್ ತಯಾರಿರ್ತೈತೆ. ಬರೋವರೆಗೂ ನಾನು ಊಟಕ್ಕೆ ಕಾಯ್ತೀನಿ."

ಅವಳ ಕಣ್ಣು ತುಂಬಿಬಂತು. ಹ್ಯಾಂಡಲ್ಲಿನ ಮೇಲಿದ್ದ ಅವಳ ಕೈ ನಿಧಾನಕ್ಕೆ ಸರಿದು ಅವನ ಕೈಯ ಮೇಲೆ ಬಂದು ಕೂತಿತು.

"ಸೋಮವಾರ ಅಂಗಡಿ ರಜ. ಅವತ್ತು ಹೋಗಿ ನಿಮ್ಮವ್ವನ್ನ ಕೇಳ್ಲಾ?" ಎಂದ.

"ಸೋಮವಾರದವರೆಗೂ ಯಾಕೆ?" ಸರ್ವಮಂಗಳ ಕಣ್ಣೊರೆಸಿಕೊಂಡು ನಕ್ಕಳು. "ನಾಳೇನೇ ಬರ್ರಿ."