ಕೇಬಲ್ ಬೇಡವಾದ ಕಳ್ಳ

ನವೆಂಬರ್ 12, ಬುಧವಾರ. ಬೆಳಿಗ್ಗೆ 8.40ಕ್ಕೆ ಜರ್ಮನಿಯ ಬಾನ್ ನಗರದ ಠಾಣೆಗೆ ರಾಕೇಶ್ ಏದುಸಿರು ಬಿಡುತ್ತ ಬಂದ. ಬೆಂಗಳೂರಿನವ, ಸಾಕ್ಷ್ಯಚಿತ್ರ ಮಾಡುವವ. ಪರಸೈನ್ಯದ ಹಿಡಿತದಲ್ಲಿರುವ ಊರೊಂದರಲ್ಲಿ ಹದಿನೈದರ ಹುಡುಗಿಯೊಬ್ಬಳ ದಿನಚರಿಯನ್ನು ಎರಡು ವರ್ಷ ಚಿತ್ರೀಕರಿಸಿದ್ದ. ಶುಕ್ರವಾರ ಮೊದಲ ಪ್ರದರ್ಶನ. ಚಿತ್ರವಿದ್ದ ಎರಡೂ ಹಾರ್ಡ್ ಡಿಸ್ಕ್ ಎಡಿಟಿಂಗ್ ಕೋಣೆಯಿಂದ ಮಾಯವಾಗಿದ್ದವು. ಸೋರಿಹೋದೀತೆಂದು ಬೇರೆ ಪ್ರತಿ ಮಾಡಿರಲಿಲ್ಲ.

ಎಫ್‌ಐಆರ್ ಬರೆದುಕೊಂಡವರು ಇನ್‌ಸ್ಪೆಕ್ಟರ್ ಗ್ರೆಗರಿ. ನರ್ಸ್ ಆಗಿದ್ದ ತಾಯಿಯ ಜೊತೆ ಹತ್ತನೇ ವಯಸ್ಸಿಗೆ ಮಂಗಳೂರಿನಿಂದ ಬಂದವರು. ಕನ್ನಡದವರ ಕೇಸೆಂದರೆ ಠಾಣೆಯವರು ಅವರ ಮೇಜಿಗೇ ತಳ್ಳುತ್ತಿದ್ದರು.

9.30ಕ್ಕೆ ಪಂಚನಾಮೆ. ಬೀಗ ಮುರಿದಿಲ್ಲ. ದುಬಾರಿ ಕ್ಯಾಮೆರಾಗಳನ್ನು ಮುಟ್ಟಿಲ್ಲ. ಡಿಸ್ಕಿನ ಕೇಬಲ್‌ಗಳನ್ನು ಬಳೆಯಂತೆ ಸುತ್ತಿ, ತುದಿ ಒಳಗೆ ಸಿಕ್ಕಿಸಿ, ಮೇಜಿನ ಮೇಲೆ ಬಿಟ್ಟು ಹೋಗಿದ್ದರು.

"ಕಳ್ಳ ತುಂಬ ನೀಟ್, ಚೀಫ್," ಎಂದಳು ಕಾನ್‌ಸ್ಟೆಬಲ್ ಜಾಯ್ಸ್.

"ಮಾರುವವ ಕೇಬಲ್ ಬಿಟ್ಟು ಹೋಗ್ತಾನಾ ಮಾರಾಯ್ತಿ? ಇವನಿಗೆ ಚಿತ್ರ ಬೇಡ. ಯಾರೂ ನೋಡಬಾರದು, ಅಷ್ಟೆ."

ಕೀಲಿ ಮೂವರ ಬಳಿ ಇತ್ತು. ರಾಕೇಶ್, ಧ್ವನಿ ನೋಡಿಕೊಳ್ಳುವ ಅಕ್ಷತ್, ಎಡಿಟರ್ ಗಗನಾ. ಅಕ್ಷತ್ ಸೋಮವಾರದಿಂದ ಹೈಡೆಲ್‌ಬರ್ಗಿನಲ್ಲಿದ್ದ, ಹೋಟೆಲಿನವರೂ ಹೌದೆಂದರು.

"ರಾಕೇಶ್‌ಗೆ ಅವಾರ್ಡ್ ಜ್ವರ ಸಾರ್," ಎಂದ ಅವನು ಫೋನಿನಲ್ಲಿ. "ಒಂದು ಶಾಟ್ ತೆಗಿ ಅಂತ ಗಗನಾ ವಾರವಿಡೀ ಜಗಳ ಆಡಿದ್ಲು. ಕೇಳಿದ್ರೆ ತಾನೆ?"

ಗ್ರೆಗರಿಗೆ ಕುಳಿತಲ್ಲಿ ಕೂರಲಾಗಲಿಲ್ಲ. 11.15ಕ್ಕೆ ಜಾಯ್ಸ್ ಜೊತೆ ಗಗನಾಳ ಮನೆಯಲ್ಲಿದ್ದರು. ಮೈಸೂರಿನ ಹುಡುಗಿ, ಚಹಾ ಕೊಟ್ಟಳು. ಗ್ರೆಗರಿ ಚಾರ್ಜಿಗೆ ಹಾಕಲು ತಮ್ಮ ಫೋನನ್ನೂ ಚಾರ್ಜರನ್ನೂ ಅವಳ ಕೈಗಿತ್ತರು. ಹೊರಡುವಾಗ ಅವಳು ಚಾರ್ಜರ್ ಕಿತ್ತು, ವೈರನ್ನು ಬಳೆಯಂತೆ ಸುತ್ತಿ, ತುದಿ ಸಿಕ್ಕಿಸಿ ಕೊಟ್ಟಳು.

ಗ್ರೆಗರಿ ಅದನ್ನೇ ನೋಡಿದರು. "ಡಿಸ್ಕ್ ಎಲ್ಲುಂಟು ಮಗಾ?"

ಅವಳು ಅಕ್ಕಿ ಡಬ್ಬಿಗೆ ಕೈ ಹಾಕಿ ಎರಡೂ ಡಿಸ್ಕ್ ತೆಗೆದಳು.

"ಎಂತ ಉಂಟು ಆ ಶಾಟಿನಲ್ಲಿ?"

"ಆ ಹುಡುಗಿ ಮಹಡಿ ಮೇಲೆ ಬಟ್ಟೆ ಒಣಗಿಸ್ತಾಳೆ ಸರ್. ಸೈನಿಕರು ಬೀದಿಗೆ ಬಂದ್ರೆ ಸನ್ನೆಗೆ ಯಾವ ಬಟ್ಟೆ ಹಗ್ಗಕ್ಕೆ ಹಾಕ್ತಾಳೆ ಅಂತ ನಗ್ತಾ ಹೇಳ್ತಾಳೆ. ಅದನ್ನ ನೋಡಿ ಮಕ್ಕಳೆಲ್ಲ ಮನೆ ಸೇರ್ಕೋತಾರೆ. ಆ ಸೈನಿಕರೂ ಸಿನಿಮಾ ನೋಡಲ್ವಾ?" ಯಾವ ಬಟ್ಟೆ ಎಂದೂ ಹೇಳಿದಳು.

"ನಮಗೆ ಹೇಳಬಹುದಿತ್ತು."

"ಬಟ್ಟೆ ಮೇಲೆ ಎಫ್‌ಐಆರ್ ಹಾಕ್ತಿದ್ರಾ?"

ಗ್ರೆಗರಿ ಡಿಸ್ಕ್‌ಗಳನ್ನು ಚೀಲಕ್ಕೆ ಹಾಕಿದರು. 12.05ಕ್ಕೆ ಬಂಧನ.

ರಾಕೇಶ್ ಠಾಣೆಯಲ್ಲೇ ಕಾಯುತ್ತಿದ್ದ. "ಡಿಸ್ಕ್ ಕೊಡಿ ಸಾರ್, ಶುಕ್ರವಾರ ಶೋ."

"ಸಾಕ್ಷ್ಯ ಅದು, ಸೀಲ್ ಆಗಿದೆ. ಮೂರು ವಾರ ಆದೀತು. ಆ ಬಟ್ಟೆಯ ಶಾಟ್ ಯಾಕೆ ಇಟ್ಟದ್ದು?"

"ಆ ಹುಡುಗಿಯೇ ಒಪ್ಪಿ ಹೇಳಿದ್ದು ಸಾರ್ ಅದು!"

"ಅವಳಿಗೆ ಹದಿನೈದು. ನಿನಗೆಷ್ಟು?"

"ನಲವತ್ತೇ ಸೆಕೆಂಡಿನ ಶಾಟ್," ಎಂದ ರಾಕೇಶ್ ಕೊನೆಗೆ. "ತೆಗೀತೀನಿ."

ಸಂಜೆ ಗ್ರೆಗರಿ ವರದಿ ಬರೆದರು. ಕಾರಣ: ದೂರದ ಹುಡುಗಿಯೊಬ್ಬಳಿಗೆ ಅಪಾಯವಾದೀತೆಂಬ ಭಯ. ಜಾಯ್ಸ್ ಭುಜದ ಮೇಲಿಂದ ಇಣುಕಿದಳು. "ಯಾವ ಬಟ್ಟೆ ಅಂತ ಬರೀಲಿಲ್ಲ ಚೀಫ್?"

"ನೆನಪಿಲ್ಲ," ಎಂದು ಅವರು ಫೈಲು ಮುಚ್ಚಿದರು.