ಕಂದು ಅಳಿಸಿದವಳು

ಕುರ್ಚಿಯಲ್ಲಿ ಒರಗಿದ್ದ ಮದುಮಗಳ ಹಲ್ಲುಗಳ ಮೇಲೆ ಸಹಾಯಕಿ ಬೂದುಬಣ್ಣದ ಲೋಳೆ ಸವರಿದಳು. ಸ್ವಲ್ಪ ಹೊತ್ತಿಗೆ ಲೋಳೆ ತಾನಾಗಿ ಅಲುಗಿತು. ಹಲ್ಲಿನ ಸಂದುಗಳಲ್ಲಿ ನುಸುಳಿ, ವಸಡಿನ ಅಂಚಿನವರೆಗೂ ತೆವಳಿ, ಅಲ್ಲೇ ನಿಂತು ಗಟ್ಟಿಯಾಯಿತು. ಕನ್ನಡಿ ನೋಡಿಕೊಂಡ ಹುಡುಗಿ ಸಂತೋಷಕ್ಕೆ ಅತ್ತುಬಿಟ್ಟಳು.

ಗಾಜಿನಾಚೆ ನಿಂತಿದ್ದ ಡಾ. ಸಿಂಚನಾ ಮುಖ ತಿರುಗಿಸಿದಳು. ಆ ಲೋಳೆಯನ್ನು ಕಂಡುಹಿಡಿದವಳು ಅವಳೇ. ಆದರೂ ಅದು ತೆವಳುವುದನ್ನು ಅವಳಿಗೆ ಇಂದಿಗೂ ನೋಡಲಾಗುತ್ತಿರಲಿಲ್ಲ.

'ಜೀವಲೇಪ' ಎಂದು ಜನ ಕರೆಯುವ ಆ ಲೋಳೆಯಲ್ಲಿ ಇದ್ದದ್ದು ಪ್ರಯೋಗಾಲಯದಲ್ಲಿ ತಿದ್ದಿ ಬೆಳೆಸಿದ ಸೂಕ್ಷ್ಮಜೀವಿಗಳು. ಅವು ಜೊಲ್ಲಿನಲ್ಲಿರುವ ಸುಣ್ಣದಂಶವನ್ನು ಹೀರಿ, ಹಲ್ಲಿನ ಮೇಲೆ ಬಿಳಿಯ ತೆಳು ಪದರ ಕಟ್ಟುತ್ತಿದ್ದವು. ಸವೆದರೆ ಮತ್ತೆ ತಾವೇ ಕಟ್ಟಿಕೊಳ್ಳುತ್ತಿದ್ದವು, ಹೊಸ ಹಲ್ಲು ಬಂದರೆ ಅದಕ್ಕೂ ಹರಡುತ್ತಿದ್ದವು.

ಇದರ ಮೂಲ ಅವಳ ಬಾಲ್ಯದಲ್ಲಿತ್ತು. ಅವಳ ಊರು ಕರಿಬಂಡೆಹಳ್ಳಿಯಲ್ಲಿ ಆಳದ ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳಿಗೆಲ್ಲ ಕಂದು ಹಲ್ಲು. ಹಾಸ್ಟೆಲಿನಲ್ಲಿ ಒಬ್ಬಳು ಅವಳು ಮುಟ್ಟಿದ ಚಮಚವನ್ನು ಎರಡು ಬೆರಳಲ್ಲಿ ಎತ್ತಿ, "ಥೂ, ಪಾಚಿಹಲ್ಲಿ!" ಎಂದು ಕಿಟಕಿಯಿಂದಾಚೆ ಎಸೆದಿದ್ದಳು. ಅಂದಿನಿಂದ ಸಿಂಚನಾಗೆ ತನ್ನ ಬಾಯಿಯ ಮೇಲೇ ಹೇಸಿಗೆ ಹುಟ್ಟಿತು. ಲೇಪ ಸಿದ್ಧವಾದಾಗ ಮೊದಲು ಹಚ್ಚಿಕೊಂಡವಳು ಅವಳು. ಎರಡನೆಯದಾಗಿ ತನ್ನೂರಿನ ಮಕ್ಕಳಿಗೆಲ್ಲ ಪುಕ್ಕಟೆ ಹಚ್ಚಿಸಿದಳು.

ಏಳೆಂಟು ವರ್ಷಗಳ ಮೇಲೆ ಊರಿನವರು ಅವಳಿಗೆ ಸನ್ಮಾನ ಇಟ್ಟುಕೊಂಡರು. ಎಲ್ಲಿ ನೋಡಿದರೂ ಒಂದೇ ಅಚ್ಚಿನಿಂದ ತೆಗೆದಂಥ ಬಿಳಿ ನಗು. ಶಾಲು, ಹಾರ ಮುಗಿದ ಮೇಲೆ ಚಿಕ್ಕಪ್ಪನ ಮಗಳು ಓಬಳಮ್ಮ ಊಟಕ್ಕೆ ಕರೆದಳು. ನೆಲದ ಮೇಲೆ ಎಲೆ ಹಾಕಿದ್ದರು. ಓಬಳಮ್ಮನ ಮಗಳು ಮಾನ್ವಿ ಮಾತ್ರ ಗೋಡೆ ಹಿಡಿದು ನಿಂತೇ ಇದ್ದಳು.

"ಯಾಕೆ ಮಗಳೇ, ಬಾ ಕೂತ್ಕೊ."

"ಕಾಲು ಮಡಚಕ್ಕಾಗಲ್ಲ ದೊಡ್ಡಮ್ಮ," ಎಂದು ಹುಡುಗಿ ನಕ್ಕಳು. ಮುತ್ತಿನಂಥ ಹಲ್ಲು. ಲಂಗದ ಕೆಳಗೆ ಮೊಣಕಾಲುಗಳು ಒಂದಕ್ಕೊಂದು ತಾಗಿ, ಪಾದಗಳು ಹೊರಕ್ಕೆ ಸೊಟ್ಟಗಾಗಿದ್ದವು.

"ಬೆಳೆಯೋ ಮಕ್ಕಳಿಗೆ ಹಂಗೇ ಅಂತೆ ಅಕ್ಕ," ಎಂದಳು ಓಬಳಮ್ಮ.

"ಕುಡಿಯೋ ನೀರು ಎಲ್ಲಿಂದ ತರ್ತೀರ?"

"ಅದೇ ಹಳೇ ಬೋರಿಂದು. ಸರ್ಕಾರದವರು ಶುದ್ಧ ನೀರಿನ ಮಿಷನ್ ಎತ್ಕೊಂಡು ಹೋದ್ರಲ್ಲ! ಸ್ಕೂಲಲ್ಲಿ ಮಕ್ಕಳ ಹಲ್ಲು ನೋಡಕ್ಕೆ ಬಂದಿದ್ರು. ಒಬ್ಬರ ಬಾಯಲ್ಲೂ ಕಂದು ಕಾಣಲಿಲ್ಲ. ಈ ಊರ ನೀರು ಸರಿಹೋಗಿದೆ ಅಂದ್ರು. ಎಲ್ಲಾ ನಿನ್ನ ಪುಣ್ಯ ಅಕ್ಕ."

ಸಿಂಚನಾ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಟ್ಟಳು. ಆ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಮಿತಿಮೀರಿ ಇತ್ತು. ಅದು ಮೊದಲು ಹಲ್ಲಿಗೆ ಕಲೆ ಹಚ್ಚುತ್ತದೆ, ಆಮೇಲೆ ಮೂಳೆಗೆ ಇಳಿಯುತ್ತದೆ. ಮೂಳೆ ಹಾಳಾಗುವ ಮುನ್ನ ಹೊರಗೆ ಕಾಣಿಸುತ್ತಿದ್ದದ್ದು ಆ ಕಲೆಯೊಂದೇ. ಅದನ್ನು ಅವಳು ಇಡೀ ಊರಿನಲ್ಲೇ ಮುಚ್ಚಿಹಾಕಿದ್ದಳು. ಎಲೆ ಬಿಟ್ಟೆದ್ದು ಓಬಳಮ್ಮನನ್ನು ಹಿತ್ತಲಿಗೆ ಕರೆದಳು.

"ಮಾನ್ವಿಯ ಲೇಪ ತೆಗೆಸೋಣ ಓಬಳಿ. ಎಲ್ಲ ಮಕ್ಕಳದ್ದೂ. ಕಂದು ಕಂಡರೇನೇ ನೀರು ಕೆಟ್ಟಿದ್ದು ಸರ್ಕಾರದವರ ಕಣ್ಣಿಗೆ ಬೀಳೋದು."

"ತೆಗೆಸಿ? ನಿನ್ನ ಹೆಂಗೆ ಆಡ್ಕೊಂಡ್ರು ಅಂತ ಮರೆತ್ಯಾ? ಹೆಣ್ಣುಮಗ ಅಕ್ಕ ಇವಳು."

ಊರಿನಲ್ಲಿ ಒಬ್ಬ ತಾಯಿಯೂ ಒಪ್ಪಲಿಲ್ಲ. ಸಿಂಚನಾ ಪ್ರಯೋಗಾಲಯಕ್ಕೆ ಮರಳಿ, ಸೂಕ್ಷ್ಮಜೀವಿಗಳನ್ನು ಕೊಲ್ಲುವ ದ್ರಾವಣದಲ್ಲಿ ಬಾಯಿ ಮುಕ್ಕಳಿಸಿದಳು. ಲೇಪ ಹಾವಿನ ಪೊರೆಯಂತೆ ಸುಲಿದು, ತುಂಡುತುಂಡಾಗಿ ಬೇಸಿನ್‌ಗೆ ಬಿತ್ತು. ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. ಕನ್ನಡಿಯಲ್ಲಿ ಹಾಸ್ಟೆಲಿನ ಹುಡುಗಿಯ ಬಾಯಿ ಕಂಡಿತು.

ಅದೇ ಬಾಯಿ ಹೊತ್ತು ಅವಳು ಜೀವಲೇಪ ಮಾರುವ ಕಂಪನಿಯ ಸಭೆಗೆ ಹೋದಳು. ನೀರಿನ ಬಗ್ಗೆ, ಮೂಳೆಗಳ ಬಗ್ಗೆ, ಇದೇ ನೀರು ಕುಡಿಯುವ ಬೇರೆ ಊರುಗಳ ಬಗ್ಗೆ ಹೇಳಿದಳು. ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಕೊನೆಗೆ ಕಂಪನಿಯ ಮುಖ್ಯಸ್ಥ ಗಿರಿಧರ್ ಕರವಸ್ತ್ರವನ್ನು ಮೂಗಿನ ಹತ್ತಿರ ಹಿಡಿದು ಕೇಳಿದ: "ಅದೆಲ್ಲ ಸರಿ ಮೇಡಂ. ನಿಮ್ಮ ಹಲ್ಲಿಗೇನು ಮಾಡ್ಕೊಂಡ್ರಿ? ಗಿರಾಕಿಗಳು ನೋಡಿದ್ರೆ ಏನು ಗತಿ?"

"ನೀರಿಗೇನು ಮಾಡ್ತೀರಿ, ಅದನ್ನ ಹೇಳಿ."

"ಊರಿಗೆ ಬಂಡಿ ಕಳಿಸ್ತೀವಿ," ಎಂದು ಅವನು ಸಭೆ ಮುಗಿಸಿದ.

ಬಂಡಿ ಬಂದ ದಿನ ಸಿಂಚನಾ ಊರಿನಲ್ಲೇ ಇದ್ದಳು. ಹಾರ್ನ್ ಕೇಳಿದ್ದೇ, ನೀರು ಬಂತೆಂದು ಹೆಂಗಸರು ಕೊಡ ಹಿಡಿದು ಓಡಿಬಂದರು. ಬಂಡಿಯ ಬಾಗಿಲು ತೆರೆದ ಬಿಳಿ ಕೋಟಿನವನು ನಕ್ಕ. "ನೀರಲ್ಲ ಅಮ್ಮ, ಹೊಸ ಲೇಪ. ಮೊದಲಿನದಕ್ಕಿಂತ ಬೆಳ್ಳಗೆ. ನಿಮ್ಮೂರಿಗೆ ಪುಕ್ಕಟೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಕೊಡ ಕೆಳಗಿಟ್ಟಳು. ಇನ್ನೊಬ್ಬಳೂ ಇಟ್ಟಳು. ಬಂಡಿಯ ಮುಂದೆ ಸಾಲು ಬೆಳೆಯಿತು.

"ಬೇಡ, ಹತ್ತಬೇಡಿ," ಎಂದು ಸಿಂಚನಾ ಬಾಗಿಲಿಗೆ ಅಡ್ಡ ನಿಂತಳು. ಅವಳ ಬಾಯಿ ನೋಡಿ ಮುಂದಿದ್ದವಳು ಸೆರಗನ್ನು ಮೂಗಿಗೆ ಒತ್ತಿಕೊಂಡು, ಅವಳನ್ನು ಬಳಸಿಕೊಂಡು ಒಳಗೆ ಹೋದಳು.

ಓಬಳಮ್ಮ ಒಂದು ಕೈಯಲ್ಲಿ ಕೊಡ ಹಿಡಿದು, ಮಾನ್ವಿಯನ್ನು ಸೊಂಟದ ಮೇಲೆ ಹೊತ್ತು ಸಾಲಿನಲ್ಲಿ ನಿಂತಿದ್ದಳು. ಹುಡುಗಿಗೆ ಈಗ ಅಷ್ಟು ದೂರ ನಡೆಯಲೂ ಆಗುತ್ತಿರಲಿಲ್ಲ. ಓಬಳಮ್ಮ ಅಕ್ಕನ ಕಂದು ಹಲ್ಲುಗಳನ್ನೇ ನೋಡಿದಳು. ಆಮೇಲೆ ಸಾಲು ಬಿಟ್ಟು ಬಂದಳು.

"ಒಳ್ಳೆ ನೀರು ಎಲ್ಲಿ ಸಿಗ್ತದೆ ಅಕ್ಕ?"

ಸಿಂಚನಾಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅದನ್ನು ಅವಳು ಯಾರನ್ನೂ ಕೇಳಿಯೂ ಇರಲಿಲ್ಲ. ಕಾರಿನ ಬಾಗಿಲು ತೆಗೆದು ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದಳು, ಓಬಳಮ್ಮನ ಕೊಡವನ್ನು ಡಿಕ್ಕಿಯಲ್ಲಿಟ್ಟಳು.

"ಹತ್ತು, ಹುಡುಕೋಣ," ಎಂದಳು.

ಕಾರು ಹೊರಟಾಗ ಬಂಡಿಯ ಮುಂದಿನ ಸಾಲು ಒಂದು ಹೆಜ್ಜೆ ಮುಂದಕ್ಕೆ ಸರಿಯಿತು.