ಕೆಂಪು ಮುದ್ರೆಯ ದೋಣಿ

ಬೆಸುಗೆಗಣ್ಣು ಎಂಬ ತಪಾಸಣೆ ಯಂತ್ರ ದೋಣಿಯ ಹೊಟ್ಟೆಯ ಮೇಲೆ ಉದ್ದಕ್ಕೂ ಹರಿದು, ಕೊನೆಗೆ ಕೆಂಪು ಮುದ್ರೆ ಒತ್ತಿಬಿಟ್ಟಿತು.

"ಬೆಸುಗೆ ನೂರಕ್ಕೆ ಅರವತ್ತೆರಡು. ಒಡೆದು ಹಾಕಬೇಕು," ಎಂದರು ಡಾ. ಹಂಚಿನಾಳ, ಆ ಯಂತ್ರ ಕಂಡುಹಿಡಿದ ವಿಜ್ಞಾನಿ.

"ಒಡೆಯುವುದಾ? ಮೂರು ತಿಂಗಳು ನಾರು ಹಾಸಿ ಕಟ್ಟಿದ್ದು ನಾನು. ಧೈರ್ಯವಿದ್ದರೆ ಮುಟ್ಟಿ ಕಾಂಬ!" ಎಂದು ವಾರಿಜಕ್ಕ ದೋಣಿಯೊಳಗೆ ಕಾಲು ಚಾಚಿ ಕೂತೇಬಿಟ್ಟರು.

ಆ ಕಾಲಕ್ಕೆ ಕುಂದಾಪುರದ ಕಡೆ ಮರದ ದೋಣಿ ಕಟ್ಟುವವರೇ ಇರಲಿಲ್ಲ. ತೆಂಗಿನ ನಾರು ಹಾಸಿ, ಮೇಲೆ ರಾಳ ಸುರಿದು ಗಟ್ಟಿಯಾಗಿಸಿದರೆ ದೋಣಿ. ನಾರು ಬಲ ಕೊಡುತ್ತದೆ, ರಾಳ ಹಿಡಿದಿಡುತ್ತದೆ. ಎರಡರ ನಡುವಿನ ಹಿಡಿತವೇ ಬೆಸುಗೆ. ನಾರಿನಲ್ಲಿ ತೇವ ಉಳಿದರೆ, ಅದರ ಮೈಯ ಮೇಣ ತೊಳೆಯದಿದ್ದರೆ, ಗಾಳಿಗುಳ್ಳೆ ಸಿಕ್ಕಿಕೊಂಡರೆ ಹಿಡಿತ ಸಡಿಲ. ಹಸಿರು ಮುದ್ರೆಯಿಲ್ಲದ ದೋಣಿ ನೀರಿಗಿಳಿಯಬಾರದೆಂದು ಸರ್ಕಾರ ಕಾನೂನು ಮಾಡಿ, ಹಳೆಯವನ್ನೆಲ್ಲ ಪುಡಿ ಮಾಡಿಸಿತ್ತು.

"ನಾರು ತೊಳೆದಿರಾ? ಒಣಗಿಸಿದಿರಾ?" ಎಂದು ಕೇಳಿದರು ಹಂಚಿನಾಳರು.

"ಹಪ್ಪಳದ ಹಾಗೆ ಒಣಗಿಸಿದ್ದೇನೆ. ಆದರೆ ನಾರು ಕೈ ತುರಿಸ್ತದೆ ಮಾರಾಯ್ರೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ನಾವು ಹಾಸುವುದು."

"ಅದೇ ತಪ್ಪು! ಎಣ್ಣೆಯಿದ್ದಲ್ಲಿ ರಾಳ ಅಂಟುವುದಿಲ್ಲ."

"ಹಿಡಿತವೂ ಅಷ್ಟೇ, ಅತಿಯಾದರೆ ಅಮೃತವೂ ವಿಷ ಸರ್. ನಿಮ್ಮ ಹಸಿರು ದೋಣಿ ಒಂದು ತನ್ನಿ. ಎರಡನ್ನೂ ಬಂಡೆಯ ಮೇಲೆ ಎತ್ತಿ ಹಾಕುವ. ನನ್ನದು ಒಡೆದರೆ ಸುತ್ತಿಗೆ ನಾನೇ ಹಿಡೀತೇನೆ."

ಹಂಚಿನಾಳರಿಗೂ ರೋಷ ಬಂತು. ಕ್ರೇನ್ ತರಿಸಿದರು. ತೊಂಬತ್ತೆಂಟು ಅಂಕದ ಹಸಿರು ದೋಣಿ ಬಂಡೆಗೆ ಬಿದ್ದು, ಗಾಜಿನ ಬಳೆಯ ಹಾಗೆ ಎರಡು ಹೋಳಾಯಿತು. ವಾರಿಜಕ್ಕನ ದೋಣಿ ಕರಕರ ಎಂದಿತು, ತಳ ಒಂದಿಷ್ಟು ತಗ್ಗಾಯಿತು, ಅಷ್ಟೇ. ನೀರಿಗಿಳಿಸಿ ನೋಡಿದರೆ ಒಂದು ಹನಿಯೂ ಒಳಗೆ ಬರಲಿಲ್ಲ.

ಹಂಚಿನಾಳರು ಹಸಿರು ದೋಣಿಯ ಮುರಿದ ಅಂಚನ್ನು ಸವರಿದರು. ಹಿಡಿತ ತೀರ ಬಿಗಿಯಾದಾಗ ಬಿರುಕು ರಾಳದಿಂದ ನಾರಿಗೆ ನೇರ ನುಗ್ಗಿತ್ತು. ವಾರಿಜಕ್ಕನ ದೋಣಿಯಲ್ಲಿ ಹಿಡಿತ ಕೊಂಚ ಸಡಿಲವಿದ್ದದ್ದರಿಂದ ನಾರು ಜಾರಿ, ಪೆಟ್ಟನ್ನು ತಾನೇ ತಿಂದು, ಬಿರುಕನ್ನು ತಡೆದಿತ್ತು. ಅವರು ಥಟ್ಟನೆ ಕಡಲಿನತ್ತ ತಿರುಗಿದರು.

"ವಾರಿಜಕ್ಕಾ, ಹಸಿರು ಮುದ್ರೆಯ ಹನ್ನೊಂದು ದೋಣಿ ಬೆಳಿಗ್ಗೆಯೇ ಕಡಲಿಗೆ ಹೋಗಿವೆ."

"ಅಯ್ಯೋ ದೇವರೇ! ನೀರು ಇಳೀತಾ ಇದೆ. ಅಳಿವೆ ಬಾಗಿಲಲ್ಲಿ ಕಲ್ಲು ತಾಗದೆ ಯಾವ ದೋಣಿ ಒಳಗೆ ಬರ್ತದೆ?"

ಹೊರಗೇ ನಿಲ್ಲಿರೆಂದು ವೈರ್‌ಲೆಸ್ಸಿನಲ್ಲಿ ಕೂಗಿ ಹೇಳಿದ್ದಾಯಿತು. ಗಾಳಿ ಎದ್ದಿತ್ತು, ಅವರು ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ಆ ಜನರನ್ನು ಕಂತು ಕಂತಾಗಿ ಕರೆತರಲು ದಡದಲ್ಲಿ ಉಳಿದದ್ದು ಒಂದೇ ದೋಣಿ. ವಾರಿಜಕ್ಕ ಅದಕ್ಕೆ ಎಂಜಿನ್ ಕೂರಿಸಿದರು. ಬಂದರಿನ ಕಾವಲುಗಾರ ಓಡಿಬಂದ.

"ಕೆಂಪು ಮುದ್ರೆ ಇದೆ, ಬಿಡುವ ಹಾಗಿಲ್ಲ!"

"ಆಚೆ ಹೋಗು ಮಾರಾಯ! ಕಡಲಿನಲ್ಲಿರುವುದು ನಮ್ಮ ಮನೆಯ ಗಂಡಸರು. ಕಾನೂನು ಹೇಳುವುದಾದರೆ ಅವರು ದಡ ಮುಟ್ಟಿದ ಮೇಲೆ ಹೇಳು."

ಹಂಚಿನಾಳರು ಬೂಟು ಕಳಚಿ ನೀರಿಗಿಳಿದು, ತಾವೇ ಕೆಂಪು ಒತ್ತಿಸಿದ್ದ ದೋಣಿಗೆ ಹತ್ತಿದರು.

"ಈಜು ಬರ್ತದಾ ನಿಮಗೆ?"

"ಇಲ್ಲ."

"ಹಾಗಾದ್ರೆ ನಡುವೆ ಗಟ್ಟಿ ಹಿಡ್ಕೊಂಡು ಕೂತ್ಕೊಳ್ಳಿ," ಎಂದು ವಾರಿಜಕ್ಕ ಎಂಜಿನ್ ಚಾಲೂ ಮಾಡಿದರು.